ರೀಪರ್‌ಗಳು ಸಿಟಡೆಲ್ ಬಿಟ್ಟು ಭೂಮಿಗೆ ಬಂದದ್ದೇಕೆ?

ಪ್ರಶ್ನೆ: ನಾನೂ ನಮ್ಮಣ್ಣನೂ ‘ಮಾಸ್ ಎಫೆಕ್ಟ್’ ವಿಡಿಯೋ ಗೇಮಿನ ಮೂರೂ ಭಾಗ ಆಡಿ ಮುಗಿಸಿದ್ದೇವೆ. ಮೂರನೆಯ ಭಾಗದಲ್ಲಿ ರೀಪರ್‌ಗಳು ಸಿಟಡೆಲ್ ಬಿಟ್ಟು ಭೂಮಿಗೆ ನುಗ್ಗಿದ್ದಕ್ಕೆ ಲಾಜಿಕ್ಕೇ ಇಲ್ಲ, ಕಥೆ ಬರೆದವರು ಎಡವಿದ್ದಾರೆ ಎನ್ನುತ್ತಾನೆ ಅಣ್ಣ. ಯುದ್ಧದಲ್ಲಿ ಸೇನಾಪತಿಗಳು ತಪ್ಪು ಮಾಡುವುದಿಲ್ಲವೇ, ಇದೂ ಹಾಗೆಯೇ ಎನ್ನುವುದು ನನ್ನ ವಾದ. ಯಾರು ಸರಿ?
– ಓದುಗರು, ಸೋಲೂರು

ಉತ್ತರ: ಈ ಸಲ ನಿಮ್ಮಣ್ಣನೇ ಸರಿ. ಹಾಗೆಂದು ನಿಮ್ಮ ವಾದ ಹುರುಳಿಲ್ಲದ್ದಲ್ಲ. ಸೇನಾಪತಿಯ ತಪ್ಪು ಬೇರೆ, ಕಥೆಗಾರನ ತಪ್ಪು ಬೇರೆ. ಎರಡನ್ನೂ ಬಿಡಿಸಿ ನೋಡಲು ನೀವು ದೂರ ಹೋಗಬೇಕಿಲ್ಲ, ನಿಮ್ಮ ಮಾಗಡಿ ಸೀಮೆಯ ಸಾವನದುರ್ಗವೇ ಸಾಕು.

ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರದ ಹೆಬ್ಬಂಡೆ ಅದು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರ, ನಡುವೆ ಕಮರಿ. 1728ರವರೆಗೆ ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದು, ಆಮೇಲೆ ಮೈಸೂರಿಗೆ ಸೇರಿತು. ಕೆಳಗಿನ ಗೋಡೆ ಬಿದ್ದರೂ ಮೇಲೇರಿ ಕಾದಬಹುದು, ಒಂದು ಶಿಖರ ಹೋದರೂ ಇನ್ನೊಂದರಲ್ಲಿ ನಿಲ್ಲಬಹುದು. ಸುತ್ತ ಬಿದಿರುಮೆಳೆಯ ದಟ್ಟ ಕಾಡು, ಅದರ ಜ್ವರ ಬೇರೆ. ಇಂಥ ದುರ್ಗವನ್ನು 1791ರ ಡಿಸೆಂಬರ್ 21ರಂದು, ಮೈಸೂರಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಲಗ್ಗೆ ಹಾಕಿ ಹಿಡಿಯಿತು. ಆ ದಂಡಯಾತ್ರೆಯಲ್ಲಿದ್ದ ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ಕಥನದ ಪ್ರಕಾರ, ಕೊನೆಯ ಲಗ್ಗೆ ಒಂದು ಗಂಟೆಯೊಳಗೇ ಮುಗಿದುಹೋಯಿತು. ಲಗ್ಗೆಯಿಟ್ಟವರ ಕಡೆ ಸಾವುನೋವು ಇಲ್ಲವೆನ್ನುವಷ್ಟು ಕಡಿಮೆ.

ಇದನ್ನೇ ಒಂದು ಗೇಮಿನಲ್ಲಿ ತೋರಿಸಿದ್ದರೆ ನಾವೆಲ್ಲ ನಂಬುತ್ತಿದ್ದೆವೇ? ಆದರೆ ಕಾರಣ ಹುಡುಕುತ್ತ ಹೋದರೆ ಒಂದೊಂದೂ ಸಿಗುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಮೈಸೂರಿನ ರಾಜಧಾನಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿದ್ದ, ಅರಕೆರೆಯ ಬಳಿ ಗೆದ್ದೂ ಇದ್ದ. ಆದರೂ ದವಸ ಮುಗಿದು, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಅವನಿಗೆ ಅಡ್ಡವಾದದ್ದು ದಾರಿ. ಬೆಂಗಳೂರಿನಿಂದ ಶ್ರೀರಂಗಪಟ್ಟಣದವರೆಗೆ ದವಸದ ಗಾಡಿಗಳು ನಿರ್ಭಯವಾಗಿ ಸಾಗಬೇಕಾದರೆ ನಡುವಿನ ಗಿರಿದುರ್ಗಗಳು ಶತ್ರುವಿನ ಕೈಯಲ್ಲಿರಬಾರದು. ಆದ್ದರಿಂದಲೇ ರಾಜಧಾನಿಯನ್ನು ಪಕ್ಕಕ್ಕಿಟ್ಟು ಸಾವನದುರ್ಗ, ರಾಮಗಿರಿ, ಉತ್ತರದುರ್ಗಗಳಿಗೆ ಕೈಹಾಕಿದ. ಕರ್ನಲ್ ಸ್ಟುವರ್ಟ್‌ನ ಪಡೆ ಬಿದಿರು ಕಡಿದು ದಾರಿ ಮಾಡಿ, ಫಿರಂಗಿ ಬರಲಾರದು ಎಂಬ ನಂಬಿಕೆಯಿದ್ದ ಕಡೆಗೆ ಫಿರಂಗಿ ಎಳೆದು ತಂದಿತು. ಕೆಲವೇ ದಿನಗಳಲ್ಲಿ ಗೋಡೆ ಬಿರಿಯಿತು. ಕಾವಲಿನವರು ಪಶ್ಚಿಮದ ಶಿಖರಕ್ಕೆ ಸರಿಯಲು ಹೊರಟರು. ಇಕ್ಕಟ್ಟಿನ ದಾರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು, ಬೆನ್ನಟ್ಟಿದವರು ಅವರ ಜೊತೆಜೊತೆಗೇ ಬಾಗಿಲು ದಾಟಿ ಒಳಹೊಕ್ಕರು. ಎರಡನೆಯ ಆಸರೆಯೆಂದು ನಂಬಿದ್ದ ಶಿಖರದ ದಾರಿಯೇ ಶತ್ರುವಿಗೂ ದಾರಿಯಾಯಿತು.

ಇಲ್ಲಿ ಸೋತವರು ತಪ್ಪು ಮಾಡಿದರು, ನಿಜ. ಆದರೆ ಅವರಿಗೆ ಗೊತ್ತಿದ್ದಷ್ಟನ್ನೇ ಇಟ್ಟುಕೊಂಡು ನೋಡಿದರೆ ಆ ತಪ್ಪಿಗೂ ಅರ್ಥವಿದೆ. ಅಭಿಮನ್ಯು ಚಕ್ರವ್ಯೂಹದಲ್ಲಿ ಒಂಟಿಯಾದದ್ದು ನಮಗೆ ಅಸಂಬದ್ಧ ಅನ್ನಿಸದಿರುವುದೂ ಇದಕ್ಕೇ. ಹಿಂದೆ ಬಂದ ಭೀಮನನ್ನು ಜಯದ್ರಥ ತಡೆದು ನಿಲ್ಲಿಸುವುದಕ್ಕೆ ಬೇಕಾದ ವರವನ್ನು ಕಥೆ ಮೊದಲೇ ಅವನಿಗೆ ಕೊಟ್ಟಿರುತ್ತದೆ.

ಈಗ ಆಟಕ್ಕೆ ಬರೋಣ. ಆಡದವರಿಗಾಗಿ ಎರಡು ಮಾತು. ಬಯೋವೇರ್ ಕಂಪನಿ 2007ರಲ್ಲಿ ತಂದ ಮೊದಲ ಭಾಗದಲ್ಲಿ, ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗುಗಳನ್ನು ಚಿಮ್ಮಿಸುವ ‘ಮಾಸ್ ರಿಲೇ’ಗಳ ಜಾಲವಿದೆ. ಅದರ ಹೃದಯ ಸಿಟಡೆಲ್ ಎಂಬ ಬೃಹತ್ ನಿಲ್ದಾಣ. 50,000 ವರ್ಷಕ್ಕೊಮ್ಮೆ ಬಂದು ಬುದ್ಧಿವಂತ ಜೀವಕುಲವನ್ನು ಅಳಿಸಿಹಾಕುವ ಯಂತ್ರಗಳು ರೀಪರ್‌ಗಳು. ಅವುಗಳ ಯುದ್ಧತಂತ್ರವನ್ನು ಇಲೋಸ್ ಗ್ರಹದಲ್ಲಿ ವಿಜಿಲ್ ಎಂಬ ಯಂತ್ರ ಬಿಡಿಸಿ ಹೇಳುತ್ತದೆ: ಮೊದಲು ಸಿಟಡೆಲ್ ಹಿಡಿ, ರಿಲೇಗಳನ್ನು ಮುಚ್ಚು, ಒಂದೊಂದು ನಕ್ಷತ್ರಮಂಡಲವನ್ನೂ ಒಂಟಿಯಾಗಿಸಿ ನಿಧಾನವಾಗಿ ಮುಗಿಸು. ನನ್ನ ಮಟ್ಟಿಗೆ ಗೇಮುಗಳಲ್ಲಿ ಬಂದಿರುವ ಅತ್ಯುತ್ತಮ ಯುದ್ಧಯೋಜನೆಗಳಲ್ಲಿ ಇದೂ ಒಂದು. ದಾರಿಯನ್ನು ಹಿಡಿದವನು ನಾಡನ್ನು ಹಿಡಿದಂತೆ ಎಂಬ, ಕಾರ್ನ್‌ವಾಲಿಸ್ ಪೆಟ್ಟು ತಿಂದು ಕಲಿತ ಪಾಠವೇ ಅದರ ಬುನಾದಿ.

2012ರ ಮೂರನೆಯ ಭಾಗದಲ್ಲಿ ಅವೇ ರೀಪರ್‌ಗಳು ಈ ಯೋಜನೆಯನ್ನು ಕೈಬಿಟ್ಟಿವೆ. ಭೂಮಿಗೆ ಬರುತ್ತವೆ, ಟ್ಯೂರಿಯನ್ ಎಂಬ ಜೀವಕುಲದ ತವರುಗ್ರಹ ಪಲಾವೆನ್‌ಗೆ ಹೋಗುತ್ತವೆ, ರಿಲೇಗಳು ತೆರೆದೇ ಇರುತ್ತವೆ. ನಾಯಕ ಶೆಪರ್ಡ್ ಅವುಗಳ ಮೂಲಕವೇ ಓಡಾಡಿ ಮಿತ್ರಪಡೆ ಕೂಡಿಸುತ್ತಾನೆ. ಸಿಟಡೆಲ್ ತನ್ನ ರೆಕ್ಕೆ ಮಡಚಿಕೊಂಡರೆ ಒಳನುಗ್ಗುವುದು ಕಷ್ಟ, ಅದಕ್ಕೇ ಹಿಂಜರಿದವು ಎಂದು ನೀವು ಹೇಳಬಹುದು. ಮೊದಲ ಭಾಗ ಆಡಿದವರಿಗೆ ಇದು ತೂಕದ ಮಾತೇ. ಆದರೆ ಆಟದ ಕೊನೆಗೆ ಏನಾಗುತ್ತದೆ? ಶೆಪರ್ಡ್‌ನ ಎದುರಾಳಿ ಇಲ್ಯೂಸಿವ್ ಮ್ಯಾನ್ ಸುಳಿವು ಕೊಟ್ಟದ್ದೇ ತಡ, ರೀಪರ್‌ಗಳು ಸಿಟಡೆಲ್ ಹಿಡಿದು ಭೂಮಿಯ ಬಳಿಗೇ ತಂದು ನಿಲ್ಲಿಸುತ್ತವೆ. ಅದೂ ಪರದೆಯ ಹಿಂದೆ, ನಮಗೆ ತೋರಿಸದೆ. ಅಂದರೆ ಶಕ್ತಿ ಮೊದಲಿನಿಂದಲೂ ಇತ್ತು. ಹಿಡಿದ ಮೇಲಾದರೂ ರಿಲೇ ಮುಚ್ಚಿದವೇ ಎಂದರೆ ಅದೂ ಇಲ್ಲ, ಮಿತ್ರಪಡೆಯ ಹಡಗುಗಳೆಲ್ಲ ಅದೇ ದಾರಿಯಲ್ಲಿ ಬಂದಿಳಿಯುತ್ತವೆ. ರೀಪರ್‌ಗಳ ಮನಸ್ಸು ಬದಲಾಗಿದ್ದರೆ ಅದಕ್ಕೊಂದು ಕಾರಣ ಬೇಕಿತ್ತು, ಒಂದೇ ಒಂದು ಸಂಭಾಷಣೆ ಸಾಕಿತ್ತು. ಅದಿಲ್ಲ. ತಾನೇ ಹಾಕಿಕೊಂಡ ನಿಯಮವನ್ನು ಕಥೆ ಮರೆತಿದೆ, ಆದ್ದರಿಂದ ಈ ತಪ್ಪು ಬರೆದವರದು.

ಇದೇ ಜಾತಿಯ ಇನ್ನೊಂದು ಸಣ್ಣ ಲೋಪ ಎರಡನೆಯ ಭಾಗದಲ್ಲಿದೆ, ನಿಮ್ಮಣ್ಣನಿಗೆ ಇಷ್ಟವಾಗಬಹುದು. ಮೊದಲ ಭಾಗದಲ್ಲಿ ಬಂದೂಕುಗಳು ತಾವಾಗಿ ತಣಿಯುತ್ತಿದ್ದವು. ಎರಡನೆಯದರಲ್ಲಿ ಕಾದ ಬಂದೂಕನ್ನು ತಣಿಸುವ ‘ಥರ್ಮಲ್ ಕ್ಲಿಪ್’ ಬಂತು, ಮೊದಲ ಭಾಗದ ಯುದ್ಧದ ನಂತರ ಬಳಕೆಗೆ ಬಂದ ತಂತ್ರಜ್ಞಾನ ಎಂಬ ವಿವರಣೆಯೂ ಬಂತು. ಆದರೆ ಶೆಪರ್ಡ್‌ನ ಸಂಗಡಿಗ ಜೇಕಬ್‌ನ ತಂದೆಯನ್ನು ಹುಡುಕಿ ಹೋಗುವ ಗ್ರಹದಲ್ಲಿ, ಹತ್ತು ವರ್ಷ ಹೊರಜಗತ್ತಿನ ಸಂಪರ್ಕವೇ ಇಲ್ಲದೆ ಸಿಕ್ಕಿಬಿದ್ದವರ ನಡುವೆ, ಆ ಕ್ಲಿಪ್‌ಗಳು ಧಾರಾಳವಾಗಿ ಬಿದ್ದಿರುತ್ತವೆ!

ಹಾಗಾದರೆ ನಿಮ್ಮ ಪಕ್ಷ ಎಲ್ಲಿ ಗಟ್ಟಿ? ಪಲಾವೆನ್ ಯುದ್ಧದಲ್ಲಿ. ಟ್ಯೂರಿಯನ್ನರ ದೊಡ್ಡ ಹಡಗುಗಳು ರೀಪರ್‌ಗಳ ಗುಂಪಿನ ನಟ್ಟನಡುವೆಯೇ ಜಿಗಿಯುವುದು ಮೊದಲ ನೋಟಕ್ಕೆ ಆತ್ಮಹತ್ಯೆಯಂತೆ ಕಾಣುತ್ತದೆ. ಆದರೆ ಆ ಹಡಗಿನ ಮುಖ್ಯ ಫಿರಂಗಿ ಹಡಗಿನುದ್ದಕ್ಕೂ ಚಾಚಿರುವುದರಿಂದ ಮೂತಿ ತಿರುಗಿದ ಕಡೆಗೆ ಮಾತ್ರ ಹಾರುತ್ತದೆ ಎಂದು ಆಟ ಮೊದಲೇ ಹೇಳಿದೆ. ಒಂದು ದೊಡ್ಡ ರೀಪರನ್ನು ಮುರಿಯಲು ಇಂಥ ಹಲವು ಹಡಗುಗಳ ಹೊಡೆತ ಒಟ್ಟಿಗೆ ಬೀಳಬೇಕೆಂದೂ ಹೇಳಿದೆ. ದೂರ ನಿಂತರೆ ರೀಪರ್‌ಗಳದೇ ಮೇಲುಗೈ, ಹತ್ತಿರ ನುಗ್ಗಿದರೆ ಅವು ತಿರುಗುವಷ್ಟರಲ್ಲಿ ಹೊಡೆಯಬಹುದು. ಟ್ಯೂರಿಯನ್ನರು ಕೊನೆಗೆ ಹಿಮ್ಮೆಟ್ಟಿದರೂ ಆ ನಿರ್ಧಾರಕ್ಕೆ ಕಾರಣ ಆಟದೊಳಗೇ ಇದೆ. ಅಣ್ಣ ಇದನ್ನೂ ಲಾಜಿಕ್ ಇಲ್ಲದ್ದು ಎಂದರೆ ಒಪ್ಪಬೇಡಿ, ಆಟದೊಳಗಿನ ಮಾಹಿತಿಕೋಶವಾದ ಕೋಡೆಕ್ಸ್ ತೆರೆದು ತೋರಿಸಿ.