ಟೊಂಕದ ಮೇಲಿನ ಭಾರವನ್ನು ಅಳೆಯುವ ಬಗೆ

ನಮ್ಮ ಹುಬ್ಬಳ್ಳಿ-ಧಾರವಾಡಗಳಲ್ಲಿ ನಲ್ಲಿಯ ನೀರು ಹಲವು ದಿನಗಳಿಗೊಮ್ಮೆ ಬರುತ್ತಿದ್ದ ವರುಷಗಳನ್ನು ಬಲ್ಲ ಹಳೆಯ ವಿದ್ಯಾರ್ಥಿನಿಯರಿಗೆ, ಕೊಡ ಎತ್ತುವವರ ಟೊಂಕನೋವಿನ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ. ಆದರೆ ಟೊಂಕದ ಮೇಲೆ ಬೀಳುವ ಭಾರವೆಷ್ಟು? ಇದನ್ನು ನಾವು ತುಸು ವಿಚಾರಿಸೋಣ.

ಬೆನ್ನೆಲುಬು ಒಂದು ಸನ್ನೆಕೋಲಿನಂತಿರುವದು. ಅದರ ಆನಿಕೆಯು ಟೊಂಕದಲ್ಲಿದೆ. 50 ಕಿಲೋ ತೂಕದ ಹೆಂಗಸು ನೆಲಕ್ಕೆ ಸಮನಾಗಿ ಬಾಗಿದಾಗ, ಟೊಂಕದ ಮೇಲಣ ದೇಹದ ಸುಮಾರು 25 ಕಿಲೋ ತೂಕವು ಆನಿಕೆಯಿಂದ 25 ಸೆಂ.ಮೀ. ಮುಂದೆ ತೂಗುವದು. ಅದನ್ನು ತಡೆದು ಹಿಡಿಯುವ ಬೆನ್ನಿನ ಮಾಂಸಖಂಡಗಳಾದರೋ ಕೇವಲ 5 ಸೆಂ.ಮೀ. ಹಿಂದಿರುವವು. ಆದುದರಿಂದ ಅವು ಐದು ಪಟ್ಟು, ಅಂದರೆ 125 ಕಿಲೋದಷ್ಟು ಎಳೆಯಬೇಕಾಗುವದು. 15 ಕಿಲೋದ ತುಂಬಿದ ಕೊಡವು 40 ಸೆಂ.ಮೀ. ಮುಂದಿದ್ದರೆ ಇನ್ನೂ 120 ಕಿಲೋ ಕೂಡುವದು. ಈ ಎಳೆತವೆಲ್ಲ ಎಲುಬುಗಳ ನಡುವಣ ಮೆತ್ತೆಯನ್ನು ಒತ್ತುವದು. ಲೆಕ್ಕವು ಸ್ಥೂಲವಾದದ್ದು. ಅಮೇರಿಕದ ಉದ್ಯೋಗ ಸುರಕ್ಷತೆಯ ಸಂಸ್ಥೆಯು 1981ರಲ್ಲಿ ಇಂಥ ಒತ್ತಡಕ್ಕೆ ಗೊತ್ತುಮಾಡಿದ ಎಚ್ಚರಿಕೆಯ ಮೇರೆಯು ಸುಮಾರು 350 ಕಿಲೋ. ಒಂದು ಕೊಡವು ಅದನ್ನು ಮೀರದು. ಆದರೆ ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಗಿದಿರೆಂದು ಕೇಳಿದರೆ ನಮ್ಮ ತಾಯಂದಿರು “ಏನಿಲ್ಲವ್ವಾ” ಎಂದು ಸುಮ್ಮನಾಗುವರು.

ಇಲ್ಲಿಯೇ ಮೈಗೆ ಕಟ್ಟಿಕೊಳ್ಳುವ ಸೆನ್ಸರುಗಳು ಉಪಯೋಗಕ್ಕೆ ಬರುವವು. ಬೆಂಕಿಪೆಟ್ಟಿಗೆಯಷ್ಟು ಚಿಕ್ಕವಾದ ಎರಡನ್ನು, ಒಂದು ಟೊಂಕಕ್ಕೂ ಇನ್ನೊಂದು ಎದೆಯ ಹಿಂಬದಿಗೂ ಪಟ್ಟಿಯಿಂದ ಬಿಗಿಯುವರು. ಭೂಮಿಯ ಸೆಳೆತ ಯಾವ ಕಡೆಗೆಂಬದನ್ನೂ ದೇಹವು ತಿರುಗುವ ವೇಗವನ್ನೂ ಅವು ಕ್ಷಣಕ್ಷಣಕ್ಕೆ ಬರೆದಿಡುವವು. ತಿರುಗುವ ವೇಗದಿಂದಲೇ ಕೋನವನ್ನೆಣಿಸುತ್ತ ಹೋದರೆ ತಪ್ಪು ಬೆಳೆಯುತ್ತ ಹೋಗುವದು. ಸೆಳೆತದ ದಿಕ್ಕನ್ನು ನೋಡಿ ಅದನ್ನು ತಿದ್ದುವರು. ಹೀಗೆ ಬಾಗಿದ ಕೋನವು ತಿಳಿದ ಮೇಲೆ ಮೇಲಿನ ಲೆಕ್ಕವನ್ನೇ ಮಾಡುವದು.

ಒಂದು ಕೊರತೆಯುಂಟು. ಕೊಡವು ತುಂಬಿದೆಯೋ ಬರಿದೋ ಸೆನ್ಸರಿಗೆ ತಿಳಿಯದು. ತೂಕವನ್ನು ಬೇರೆಯಾಗಿ ಬರೆದಿಡಬೇಕು, ಇಲ್ಲವೆ ಬೂಟಿನೊಳಗೆ ಒತ್ತಡವನ್ನಳೆಯುವ ಹಾಳೆಯನ್ನಿಡಬೇಕು. ಬರಿಗಾಲಿನಲ್ಲಿ ನೀರು ತರುವವಳಿಗೆ ಬೂಟೆಲ್ಲಿಯದು!

ಹೊಲದಲ್ಲಿ ಕಸ ತೆಗೆಯುವವಳ ಮಾತು ಬೇರೆ. ಅವಳ ಕೈಯಲ್ಲಿರುವದು ಹಗುರಾದ ಕುರ್ಚಿಗಿ ಮಾತ್ರ. ಟೊಂಕವನ್ನು ದಣಿಸುವದು ತಾಸುಗಟ್ಟಲೆ ಬಾಗಿದ್ದ ಅವಳ ಸ್ವಂತ ದೇಹವೇ. ಆದುದರಿಂದ ಇಲ್ಲಿ ಸೆನ್ಸರಿನ ಅಂದಾಜು ಹೆಚ್ಚು ನಂಬತಕ್ಕದ್ದು. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನದವರು ರೈತ ಮಹಿಳೆಯರ ಶ್ರಮವನ್ನು ಕುಗ್ಗಿಸುವ ಸಾಧನಗಳನ್ನು ಪರೀಕ್ಷಿಸಿರುವರು. ನಿಂತು ನಡೆಸುವ ಉದ್ದ ಹಿಡಿಕೆಯ ಸಾಧನದಿಂದ ಒಂದು ದಿನ, ಕುರ್ಚಿಗಿಯಿಂದ ಒಂದು ದಿನ ಒಬ್ಬಳೇ ಹೆಂಗಸು ಪಟ್ಟಿ ಕಟ್ಟಿ ದುಡಿದರೆ, ಎಷ್ಟು ತಾಸು ಬಾಗುವದು ಉಳಿಯಿತೆಂಬದನ್ನು ಸಂಜೆಗೆ ಅವಳ ಮುಂದೆಯೇ ಓದಿ ಹೇಳಬಹುದು.