ಹ್ಯಾರಿ ಪಾಟರ್ ಐದನೆಯ ಭಾಗಕ್ಕೆ ಒಂಬತ್ತನೇ ತರಗತಿಯ ಪ್ರತಿಕ್ರಿಯೆ

ಹೊಳೆಹೊನ್ನೂರು ಭಾಗದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ನನಗೆ ಒಂದು ಬದಲಿ ಅವಧಿ ಸಿಕ್ಕಿತು. ರೌಲಿಂಗ್ ಅವರ 'ಆರ್ಡರ್ ಆಫ್ ದಿ ಫೀನಿಕ್ಸ್' (2003) ಕಥೆಯನ್ನು ಕನ್ನಡದಲ್ಲಿ ಹೇಳಿ, ಅನಿಸಿದ್ದನ್ನು ಬರೆಯಲು ತಿಳಿಸಿದೆ. ಹಿಂದಿನ ಭಾಗಗಳ ಸಿನಿಮಾಗಳನ್ನು ಹಲವರು ಟಿವಿಯಲ್ಲಿ ನೋಡಿದ್ದರು.

ಇದರಲ್ಲಿ ಹದಿನೈದರ ಹ್ಯಾರಿ ಮಾತುಮಾತಿಗೂ ಸಿಡುಕುತ್ತಾನೆ. ಪುಸ್ತಕ ಬಂದಾಗ ಅನೇಕ ಓದುಗರಿಗೆ ಅದು ಹಿಡಿಸಿರಲಿಲ್ಲ. ನಮ್ಮ ಮಕ್ಕಳಿಗೆ ಅದೊಂದು ವಿಶೇಷ ಅನಿಸಲೇ ಇಲ್ಲ. ಅವರದೂ ಹೆಚ್ಚುಕಡಿಮೆ ಅದೇ ವಯಸ್ಸು! ಸಿರಿಯಸ್‌ನ ಸಾವಿನ ಬಗ್ಗೆಯೂ ಎರಡೇ ಸಾಲು. ಸಿಟ್ಟೆಲ್ಲ ಹರಿದದ್ದು ಹೊಸ ಶಿಕ್ಷಕಿ ಅಂಬ್ರಿಜ್ ಮೇಲೆ. ಮಂತ್ರದಂಡಗಳನ್ನು ಚೀಲದಲ್ಲಿ ಇಡಿಸಿ ಬರೀ ಪಠ್ಯಪುಸ್ತಕ ಓದಿಸುವವಳು ಆಕೆ. ಪರೀಕ್ಷೆ ಪಾಸಾಗಲು ಅಷ್ಟು ಸಾಕೆಂಬುದು ಆಕೆಯ ವಾದ. ಕೊನೆಗೆ ವಿದ್ಯಾರ್ಥಿಗಳೇ ಗುಟ್ಟಾಗಿ ಸೇರಿ ಅಭ್ಯಾಸ ಮಾಡುತ್ತಾರೆ.

"ನಮ್ಮ ಲ್ಯಾಬಿಗೂ ಬೀಗ ಇದೆ ಮಿಸ್, ನಾವೂ ಗುಟ್ಟಾಗಿ ಸೇರಬಹುದಾ?" ಎಂದು ಒಬ್ಬಳು ಬರೆದಿದ್ದಳು. ಖಳನಾಯಕ ವೋಲ್ಡೆಮಾರ್ಟ್‌ನ ಹೆಸರು ಅವಳ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಮರುದಿನದ ಪಾಠಯೋಜನೆಯಲ್ಲಿ ಮಿಶ್ರಣಗಳ ಬೇರ್ಪಡಿಸುವಿಕೆಗೆ ಉಪನ್ಯಾಸ ವಿಧಾನ ಎಂದಿತ್ತು. ಅದನ್ನು ಹೊಡೆದುಹಾಕಿ ಶೋಧಕ ಕಾಗದ, ಕಪ್ಪು ಸ್ಕೆಚ್ ಪೆನ್, ನೀರಿನ ಲೋಟ ಒಯ್ದೆ. ಕಪ್ಪು ಚುಕ್ಕೆಯಿಂದ ನೀಲಿ ಮೇಲೇರತೊಡಗಿದಾಗ ಹಿಂದಿನ ಬೆಂಚಿನವರೂ ಎದ್ದು ಬಂದರು.