ಪರಿಚಿತ ಶಬ್ದಗಳ ಅಪರಿಚಿತ ಅರ್ಥ

ಇಂಗ್ಲೀಷಿನಲ್ಲಿ ಶಾಸ್ತ್ರಪಾಠಗಳನ್ನು ಕಲಿಯುವ ಹುಡುಗಿಯರಿಗೆ ಯಾವ ಶಬ್ದಗಳು ಹೆಚ್ಚು ಕಷ್ಟವನ್ನುಂಟುಮಾಡುತ್ತವೆ ಎಂಬದನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇನೆ.

ಕ್ಯಾಂಪು ಎಂಬ ಇಂಗ್ಲೀಷು ಶಬ್ದಕ್ಕೆ ಡೇರೆ ಹೊಡೆದು ಕೆಲವು ದಿನ ತಂಗುವ ಬೀಡು ಎಂಬದೇ ಸಾಮಾನ್ಯ ಅರ್ಥವು. ಆದರೆ ನಮ್ಮ ಸಿಂಧನೂರು ತಾಲ್ಲೂಕಿನಲ್ಲಿ ಕ್ಯಾಂಪು ಎಂದರೆ ಮನೆ, ಗದ್ದೆ, ಶಾಲೆಗಳುಳ್ಳ ಸ್ಥಿರವಾದ ಊರು. ಆರ್.ಎಚ್. ಕ್ಯಾಂಪು ಎಂಬುದು ರಿಹ್ಯಾಬಿಲಿಟೇಷನ್, ಅಂದರೆ ಪುನರ್ವಸತಿ, ಎಂಬ ಶಬ್ದದಿಂದ ಬಂದ ಹೆಸರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಇಲ್ಲಿ ನೆಲೆನಿಂತ ಹಾಗೆಯೇ ಆ ಶಬ್ದವೂ ನೆಲೆನಿಂತು ಹೊಸ ಅರ್ಥವನ್ನು ಪಡೆಯಿತು. ಶಾಸ್ತ್ರದ ಪುಸ್ತಕದೊಳಕ್ಕೆ ಹೋದ ಇಂಗ್ಲೀಷು ಶಬ್ದಗಳ ಸ್ಥಿತಿಯೂ ಇಂಥದ್ದೇ. ಉದ್ದವಾದ, ಕಠಿಣವಾದ ಶಬ್ದವನ್ನು ಕಂಡರೆ ಹುಡುಗಿಯು ಜಾಗ್ರತೆಯಾಗಿ ಅರ್ಥವನ್ನು ಕೇಳುವಳು. ಸುಲಭವಾದ ಶಬ್ದವನ್ನು ಕಂಡರೆ ತನಗೆ ಗೊತ್ತುಂಟೆಂದು ನೆನಸಿ ಮೋಸಹೋಗುವಳು.

ಇದನ್ನು ನನಗೆ ಕಲಿಸಿದವಳು ಕ್ಯಾಂಪಿನ ಒಬ್ಬ ಬಂಗಾಳಿ ಹುಡುಗಿ. ಒಂದು ದಿನ ನಾನು ಮೈಲುತುತ್ತದ ನೀಲಿ ಹರಳುಗಳನ್ನು ಮೇಜಿನ ಮೇಲಿಟ್ಟು, "ಇದೂ ಒಂದು ಸಾಲ್ಟ್, ಅಂದರೆ ಲವಣ" ಎಂದು ಹೇಳಿ ಹಲಗೆಯ ಕಡೆಗೆ ತಿರುಗಿದೆನು. ಮರಳಿ ನೋಡುವಷ್ಟರಲ್ಲಿ ಅವಳು ಒಂದು ಹರಳನ್ನು ನಾಲಿಗೆಯ ಬಳಿಗೆ ಒಯ್ದಿದ್ದಳು. ಓಡಿಹೋಗಿ ಕೈ ಹಿಡಿದೆನು. ಕನ್ನಡದಲ್ಲಿ ಅಡಿಗೆಯದು ಉಪ್ಪು, ಪುಸ್ತಕದ್ದು ಲವಣ. ಆದರೆ ಬಂಗಾಳಿಯಲ್ಲಿ ಅಡಿಗೆಯ ಉಪ್ಪಿಗೂ ಲವಣವೆಂಬ ಹೆಸರುಂಟು, ಉಚ್ಚಾರ ಮಾತ್ರ ಲೊಬೊನ್. ಆ ವಸ್ತುವಿಗೆ ಬಂಗಾಳಿಯಲ್ಲಿ ತುಂತೆ ಎನ್ನುವರೆಂದು ಆಮೇಲೆ ತಿಳಿಯಿತು. "ತುಂತೆ ಅಂದಿದ್ದರೆ ಮುಟ್ಟುತ್ತಲೇ ಇರಲಿಲ್ಲ, ಟೀಚರ್. ಅದು ವಿಷ ಅಂತ ಅಮ್ಮ ಹೇಳಿದ್ದಾಳೆ" ಎಂದಳು. ತಪ್ಪು ಅವಳದಲ್ಲ, ನನ್ನದು. ನಾನು ಶಬ್ದವನ್ನು ಕೊಟ್ಟೆನೇ ಹೊರತು ಅರ್ಥವನ್ನು ಕೊಡಲಿಲ್ಲ.

ರಸಾಯನ ಶಾಸ್ತ್ರದಲ್ಲಿ ಆಮ್ಲವೂ ಪ್ರತ್ಯಾಮ್ಲವೂ ಕೂಡಿದಾಗ ನೀರಿನೊಡನೆ ಉಂಟಾಗುವ ಪದಾರ್ಥಕ್ಕೆ ಸಾಲ್ಟ್ ಎಂದು ಹೆಸರು. ಊಟದ ಉಪ್ಪು ಆ ದೊಡ್ಡ ಕುಟುಂಬದ ಒಬ್ಬ ಸದಸ್ಯ ಮಾತ್ರ. ಮೈಲುತುತ್ತವು ಅದೇ ಕುಟುಂಬದ್ದಾದರೂ ವಿಷವು.

ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವೆಂದು ತಿಳಿಯಬಾರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಿತಿಮೀರಿ ನಿಂತ ಗದ್ದೆಗಳಲ್ಲಿ ಅಂತರ್ಜಲವು ಮೇಲಕ್ಕೆ ಬರುತ್ತದೆ. ನೀರು ಆವಿಯಾಗಿ ಹೋಗಿ, ಅದರಲ್ಲಿ ಕರಗಿದ್ದ ಲವಣಗಳು ನೆಲದ ಮೇಲೆ ಬೆಳ್ಳಗೆ ಉಳಿಯುತ್ತವೆ. ಇದನ್ನೇ ಸವಳು ಎನ್ನುತ್ತೇವೆ. ಸೋಡಿಯಂ ಹೆಚ್ಚಾಗಿ ಕ್ಷಾರವಾದ ಭೂಮಿಗೆ ಜಿಪ್ಸಂ ಹಾಕಬೇಕೆಂದು ಕೃಷಿ ಬಲ್ಲವರು ಹೇಳುವರು. ಜಿಪ್ಸಂ ಸಹ ಒಂದು ಲವಣವೇ. "ಉಪ್ಪಿನಿಂದ ಕೆಟ್ಟ ಹೊಲಕ್ಕೆ ಉಪ್ಪೇ ಮದ್ದೋ?" ಎಂದು ತಂದೆಯು ನಕ್ಕರೆ, ಮಗಳು ಉತ್ತರ ಕೊಡಬಲ್ಲಳು: ಜಿಪ್ಸಮಿನ ಕ್ಯಾಲ್ಸಿಯಂ ಮಣ್ಣಿಗಂಟಿದ ಸೋಡಿಯಮನ್ನು ಬಿಡಿಸುತ್ತದೆ, ಬಿಟ್ಟುಬಂದದ್ದು ನೀರಿನೊಡನೆ ಬಸಿಗಾಲುವೆಯಲ್ಲಿ ಹರಿದುಹೋಗಬೇಕು.

ವರ್ಕ್ ಎಂಬ ಶಬ್ದವನ್ನೂ ನೋಡಿರಿ. ಹತ್ತು ಕಿಲೋ ತೂಕದ ಕೊಡವನ್ನು ಒಂದು ಮೀಟರು ಮೇಲಕ್ಕೆತ್ತಿದರೆ ಸುಮಾರು 98 ಜೌಲ್‌ಗಳಷ್ಟು ವರ್ಕ್ ಆಗುವದು. ಅದನ್ನೇ ತಲೆಯ ಮೇಲೆ ಹೊತ್ತು ಸಮನೆಲದಲ್ಲಿ ಒಂದೇ ವೇಗದಿಂದ ನಡೆದರೆ, ತಲೆಯು ಕೊಡವನ್ನು ಎತ್ತಿಹಿಡಿದ ಬಲವು ಯಾವ ವರ್ಕನ್ನೂ ಮಾಡುವದಿಲ್ಲ; ಯಾಕಂದರೆ ಬಲವು ಮೇಲ್ಮುಖ, ಚಲನೆಯು ಅಡ್ಡ. ಕುತ್ತಿಗೆ ನೋಯುವ ಹುಡುಗಿಗೆ ಇದು ಅನ್ಯಾಯವಾಗಿ ತೋರುವದು ಸಹಜ. ಶಾಸ್ತ್ರವು ಅವಳ ದಣಿವನ್ನು ಅಲ್ಲಗಳೆಯುವದಿಲ್ಲ, ಬೇರೊಂದನ್ನು ಅಳೆಯುತ್ತದೆಂದು ತಿಳಿಸಿ ಹೇಳಿದರೆ ಅವಳು ಆ ಪಾಠವನ್ನು ಮರೆಯಳು.

ಅಂದಿನಿಂದ ಪ್ರತಿಯೊಂದು ಹೊಸ ಶಬ್ದಕ್ಕೂ ಮೂರು ಪ್ರಶ್ನೆಗಳನ್ನು ಕೇಳುತ್ತೇನೆ: ಈ ಶಬ್ದಕ್ಕೆ ಮನೆಯಲ್ಲಿ ಏನರ್ಥ? ಶಾಸ್ತ್ರದಲ್ಲಿ ಏನರ್ಥ? ಇವೆರಡೂ ಎಲ್ಲಿ ಬೇರೆಯಾಗುತ್ತವೆ? ತಾಯಂದಿರೇ, ನಿಮಗೆ ಇಂಗ್ಲೀಷು ಬಾರದೆಂದು ಸಂಕೋಚಪಡಬೇಡಿರಿ. ಸಂಜೆ ಮಗಳನ್ನು ಬಳಿಯಲ್ಲಿ ಕೂಡ್ರಿಸಿಕೊಂಡು, ಆ ದಿನ ಕಲಿತ ಒಂದು ಶಬ್ದವನ್ನು ಕನ್ನಡದಲ್ಲಾಗಲಿ ಬಂಗಾಳಿಯಲ್ಲಾಗಲಿ ನಿಮಗೆ ತಿಳಿಯುವಂತೆ ಹೇಳೆನ್ನಿರಿ. ನಿಮಗೆ ತಿಳಿದರೆ ಅವಳಿಗೂ ತಿಳಿದಿದೆಯೆಂದು ನಂಬಬಹುದು.